ಹುಡುಕಿ ತಂದವರ ಸಂಕಟ

ನಮ್ಮ ಊರುಗಳಲ್ಲಿ 'ಸಮಾಜ ಸೇವಕರು' ಎಂಬ ಪದ ಬಹಳ ಸವೆದುಹೋಗಿದೆ. ಉರೂಸಿನ ಕರಪತ್ರದಲ್ಲಿ, ಗಣೇಶೋತ್ಸವದ ಫ್ಲೆಕ್ಸಿನಲ್ಲಿ, ಕ್ರಿಕೆಟ್ ಪಂದ್ಯಾವಳಿಯ ಬ್ಯಾನರಿನಲ್ಲಿ ಹೆಸರಿನ ಕೆಳಗೆ ಬೇರೇನು ಹಾಕುವುದೆಂದು ತೋಚದಿದ್ದಾಗ ಈ ಎರಡು ಪದ ಹಾಕುತ್ತಾರೆ. ದುಡ್ಡಿದ್ದು ಹುದ್ದೆ ಇಲ್ಲದವರಿಗೆ ಅದೊಂದು ಹುದ್ದೆ. ಚುನಾವಣೆಗೆ ನಿಲ್ಲುವವರಿಗೆ ಅದೊಂದು ತಂಗುದಾಣ. ಆದರೆ ಈ ಸದ್ದುಗದ್ದಲದ ಹೊರಗೆ ಇನ್ನೊಂದು ಬಗೆಯ ಜನರಿದ್ದಾರೆ. ಸರ್ಕಾರಿ ಆಸ್ಪತ್ರೆಯ ಓಣಿಯಲ್ಲಿ ರೋಗಿಯ ಮನೆಯವರ ಜೊತೆ ಕೂತು ಮಾತಾಡುವವರು, ಬಾಲಮಂದಿರದ ಹುಡುಗನ ಊರು ಹುಡುಕಿಕೊಂಡು ಹೋಗುವವರು, ಗಂಡನ ಮನೆಯಿಂದ ಹೊರಬಿದ್ದ ಹೆಣ್ಣಿನ ಹೇಳಿಕೆ ಬರೆದುಕೊಳ್ಳುವವರು. ವಿಶ್ವವಿದ್ಯಾಲಯಗಳು ಇವರ ಕೆಲಸವನ್ನು 'ಸಮಾಜಕಾರ್ಯ' ಎಂದು ಕರೆಯುತ್ತವೆ. ಸೇವೆಗೆ ಮನಸ್ಸಿದ್ದರೆ ಸಾಕು. ಕಾರ್ಯಕ್ಕೆ ತರಬೇತಿ, ನಿಯಮ, ಸಂಬಳ, ಮೇಲಧಿಕಾರಿ ಎಲ್ಲವೂ ಇರುತ್ತವೆ.

ತೊಡಕು ಶುರುವಾಗುವುದು ಇಲ್ಲಿಯೇ. ಸಂಬಳ ಕೊಡುವವರು ಒಬ್ಬರು. ಯಾರಿಗಾಗಿ ಕೆಲಸವೋ ಅವರು ಇನ್ನೊಬ್ಬರು. ಇಬ್ಬರೂ ಒಂದೇ ಬಯಸಿದಾಗ ಕಷ್ಟವಿಲ್ಲ. ಸರ್ಕಾರ ಒಂದು ಹೇಳಿ, ಎದುರಿಗೆ ಕೂತ ಹೆಂಗಸು ಇನ್ನೊಂದು ಹೇಳಿದಾಗ ನಡುವೆ ನಿಂತವರು ಯಾರ ಕಡೆ ವಾಲಬೇಕು? ನಮ್ಮ ದೇಶದಲ್ಲಿ ಈ ಪ್ರಶ್ನೆ ಅತ್ಯಂತ ನಿಷ್ಠುರವಾಗಿ ಎದ್ದದ್ದು ವಿಭಜನೆಯ ನಂತರದ ಹತ್ತು ವರ್ಷಗಳಲ್ಲಿ. ಆಗ ಕೆಲಸ ಮಾಡಿದ ಕೆಲವು ಹೆಣ್ಣುಮಕ್ಕಳ ಅನುಭವವನ್ನು ಇಂದಿನ ಸಮಾಜ ಕಾರ್ಯಕರ್ತರು ಮಾತ್ರವಲ್ಲ, ಎಲ್ಲರೂ ಓದಬೇಕು ಅನ್ನಿಸುತ್ತದೆ.

ಈ ವೃತ್ತಿ ನಮ್ಮಲ್ಲಿಗೆ ಬಂದ ಬಗೆಯನ್ನು ಮೊದಲು ಚುಟುಕಾಗಿ ನೋಡೋಣ. ಅಮೆರಿಕದ ವೈದ್ಯಶಿಕ್ಷಣವನ್ನು ಪರಿಶೀಲಿಸಿ ಹೆಸರಾಗಿದ್ದ ಅಬ್ರಹಾಂ ಫ್ಲೆಕ್ಸ್‌ನರ್ 1915ರಲ್ಲಿ ಬಾಲ್ಟಿಮೋರಿನ ಸಮ್ಮೇಳನವೊಂದರಲ್ಲಿ, ಸಮಾಜಕಾರ್ಯವನ್ನು ವೃತ್ತಿಯೆಂದು ಕರೆಯಬಹುದೇ ಎಂದು ಕೇಳಿದರು. ಸದ್ಯಕ್ಕೆ ಆಗದು ಎಂಬುದು ಅವರ ಉತ್ತರ. ವೈದ್ಯನಿಗೆ ತನ್ನದೇ ವಿದ್ಯೆಯಿದೆ, ವಕೀಲನಿಗೆ ತನ್ನದೇ ಶಾಸ್ತ್ರವಿದೆ. ಸಮಾಜ ಕಾರ್ಯಕರ್ತರು ಕಷ್ಟದಲ್ಲಿರುವವರನ್ನು ವೈದ್ಯರ ಬಳಿಗೋ ವಕೀಲರ ಬಳಿಗೋ ಶಾಲೆಗೋ ಮುಟ್ಟಿಸುವ ಮಧ್ಯವರ್ತಿಗಳು ಮಾತ್ರ ಎಂದು ಅವರು ವಾದಿಸಿದರು. ಎರಡೇ ವರ್ಷದಲ್ಲಿ ಮೇರಿ ರಿಚ್ಮಂಡ್ ಎಂಬಾಕೆ, ಕಷ್ಟದಲ್ಲಿರುವ ಒಬ್ಬ ಮನುಷ್ಯನನ್ನು ಅವನ ಮನೆ, ನೆರೆ, ದುಡಿಮೆಗಳ ಸಮೇತ ಅರಿಯುವುದಕ್ಕೂ ಒಂದು ಕ್ರಮವಿದೆ ಎಂದು ದೊಡ್ಡದೊಂದು ಗ್ರಂಥ ಬರೆದು ತೋರಿಸಿದರು. ಫ್ಲೆಕ್ಸ್‌ನರ್ ಕೊರತೆಯೆಂದು ಎಣಿಸಿದ ಮಧ್ಯವರ್ತಿತನವೇ ಈ ಕೆಲಸದ ಜೀವಾಳವೂ ಹೌದು, ಶೂಲವೂ ಹೌದು ಎಂಬುದು ಮುಂದೆ ತಿಳಿಯಿತು.

ಕ್ಲಿಫರ್ಡ್ ಮ್ಯಾನ್ಶಾರ್ಟ್ ಎಂಬ ಅಮೆರಿಕನ್ ಮಿಶನರಿ 1926ರಲ್ಲಿ ಮುಂಬಯಿಯ ಬೈಕುಲಾ ಬಳಿಯ ನಾಗಪಾಡದಲ್ಲಿ ನೆರೆಹೊರೆ ಕೇಂದ್ರವೊಂದನ್ನು ತೆರೆದರು. ಬಡ ಮುಸ್ಲಿಮರು, ಯಹೂದಿಗಳು, ಕ್ರೈಸ್ತರು, ಗಿರಣಿ ಕೂಲಿಗಳು ಒತ್ತೊತ್ತಾಗಿ ಬದುಕುತ್ತಿದ್ದ ಪ್ರದೇಶವದು. ಅಲ್ಲಿನ ಅನುಭವದ ಮೇಲೆ, ಟಾಟಾ ಟ್ರಸ್ಟಿನ ಹಣದಿಂದ, 1936ರಲ್ಲಿ ಸರ್ ದೊರಾಬ್ಜಿ ಟಾಟಾ ಸಮಾಜಕಾರ್ಯ ಶಾಲೆ ಶುರುವಾಯಿತು. 1944ರಲ್ಲಿ ಅದಕ್ಕೆ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಎಂಬ ಹೆಸರು ಬಂತು. 1946ರಲ್ಲಿ ಲಕ್ನೋದಲ್ಲಿ ಆರಂಭವಾದ ಇನ್ನೊಂದು ಶಾಲೆ ಮರುವರ್ಷವೇ ದಿಲ್ಲಿಗೆ ಬಂತು. ಹೀಗೆ ಸ್ವಾತಂತ್ರ್ಯ ಬರುವ ಹೊತ್ತಿಗೆ ಇಡೀ ದೇಶದಲ್ಲಿ ಈ ವಿದ್ಯೆ ಕಲಿತವರ ಸಂಖ್ಯೆ ತೀರಾ ಸಣ್ಣದು. ಅಷ್ಟರಲ್ಲಿ ಯಾವ ಪಠ್ಯದಲ್ಲೂ ಇಲ್ಲದ ಪರೀಕ್ಷೆ ಎದುರಾಯಿತು.

1947ರ ಕೊನೆಗೆ ಕುರುಕ್ಷೇತ್ರದ ಒಂದೇ ಶಿಬಿರದಲ್ಲಿ ಸುಮಾರು 3 ಲಕ್ಷ ನಿರಾಶ್ರಿತರಿದ್ದರು. ಮುಂಬಯಿಯ ಟಾಟಾ ಸಂಸ್ಥೆಯ ವಿದ್ಯಾರ್ಥಿಗಳು ಅಲ್ಲಿಗೆ ಕೆಲಸಕ್ಕೆ ಹೋದರು. ದಿಲ್ಲಿಯ ಪುರಾನಾ ಕಿಲಾ ಮತ್ತು ಹುಮಾಯೂನನ ಗೋರಿಯ ಆವರಣದಲ್ಲಿ, ಮನೆ ಬಿಟ್ಟು ಓಡಿಬಂದ ದಿಲ್ಲಿಯ ಮುಸ್ಲಿಮರು ತುಂಬಿಕೊಂಡಿದ್ದರು. ಇವರು ಪಾಕಿಸ್ತಾನಕ್ಕೆ ಹೋಗುವವರೋ ಇಲ್ಲಿಯೇ ಉಳಿಯುವವರೋ ಎಂಬುದು ಅವರಿಗೇ ಗೊತ್ತಿರಲಿಲ್ಲ. ಹಾಗಾಗಿ ಮೊದಮೊದಲು ಆ ಶಿಬಿರಗಳ ಹೊಣೆ ಯಾರದೆಂಬುದೂ ಗಟ್ಟಿಯಾಗಿ ತೀರ್ಮಾನವಾಗಿರಲಿಲ್ಲ.

ಅಲ್ಲಿಗೆ ಬಂದವರಲ್ಲಿ ಅನೀಸ್ ಕಿದ್ವಾಯಿ ಒಬ್ಬರು. ಬಾರಾಬಂಕಿ ಕಡೆಯ ಹೆಣ್ಣುಮಗಳು. 'ಬಂಬೂಕ್' ಎಂಬ ಹೆಸರಿನಲ್ಲಿ ವಿಡಂಬನೆ ಬರೆಯುತ್ತಿದ್ದ ವಿಲಾಯತ್ ಅಲಿಯವರ ಮಗಳು. ಪತಿ ಶಫಿ ಅಹಮದ್ ಕಿದ್ವಾಯಿ ಮಸ್ಸೂರಿಯ ಪುರಸಭೆಯ ಆಡಳಿತ ನೋಡಿಕೊಳ್ಳುತ್ತಿದ್ದರು. ಗಲಭೆಯ ನಡುವೆಯೂ ಊರು ಬಿಡಲು ಒಪ್ಪದ ಅವರನ್ನು 1947ರ ಅಕ್ಟೋಬರಿನಲ್ಲಿ ಕೊಂದರು. ಗಂಡನನ್ನು ಕಳೆದುಕೊಂಡ ಅನೀಸ್ ದಿಲ್ಲಿಗೆ ಬಂದು ಗಾಂಧೀಜಿಯನ್ನು ಕಂಡರು. ಶಿಬಿರಗಳಿಗೆ ಹೋಗಿ ಕೆಲಸ ಮಾಡುವಂತೆ ಗಾಂಧೀಜಿ ಹೇಳಿದರು. ಸಮಾಜಕಾರ್ಯದ ಯಾವ ಡಿಪ್ಲೊಮಾ ಕೂಡ ಅವರ ಬಳಿ ಇರಲಿಲ್ಲ. ಆ ದಿನಗಳ ಬಗ್ಗೆ ಅವರು ಉರ್ದುವಿನಲ್ಲಿ ಬರೆದ 'ಆಜಾದಿ ಕೀ ಛಾಂವ್ ಮೇಂ' 1949ರ ಹೊತ್ತಿಗೇ ಸಿದ್ಧವಾಗಿದ್ದರೂ ಅಚ್ಚಾಗಿ ಹೊರಬಂದದ್ದು 1974ರಲ್ಲಿ. ಅವರ ಮೊಮ್ಮಗಳು ಆಯೆಶಾ ಕಿದ್ವಾಯಿ ಮಾಡಿದ ಇಂಗ್ಲಿಷ್ ಅನುವಾದ 2011ರಲ್ಲಿ ಬಂತು.

ಆ ಪುಸ್ತಕ ಓದುವಾಗ ಮೊದಲು ಕಣ್ಣಿಗೆ ಬೀಳುವುದು ಕೆಲಸದ ವೈವಿಧ್ಯ. ಶಿಬಿರದ ಕೆಲಸವೆಂದರೆ ಒಂದಲ್ಲ, ಹತ್ತು. ಹಿಟ್ಟು, ಬಟ್ಟೆ ಹಂಚುವುದು, ಹೆರಿಗೆಗೆ ಮರೆ ಕಟ್ಟುವುದು, ಔಷಧಿಗೆ ಅಲೆಯುವುದು, ಸತ್ತವರ ಮಣ್ಣಿಗೆ ವ್ಯವಸ್ಥೆ ಮಾಡುವುದು, ಅಧಿಕಾರಿಗಳ ಜೊತೆ ಜಗಳವಾಡುವುದು. ಒಂದು ಕಡೆ ದಾದಿ, ಇನ್ನೊಂದು ಕಡೆ ಗುಮಾಸ್ತೆ, ಮತ್ತೊಂದು ಕಡೆ ವಕೀಲೆ. ಇವೆಲ್ಲ ಹೇಗೋ ನಡೆದುಹೋಗುವ ಕೆಲಸಗಳು. ಆದರೆ ಶಿಬಿರಕ್ಕೆ ಬಂದ ಅಪ್ಪಂದಿರು, ಅಣ್ಣಂದಿರು ಒಂದೊಂದು ಹೆಸರು ಹೇಳಿ ಅಳುತ್ತಿದ್ದರು. ನನ್ನ ಮಗಳು, ಇಷ್ಟು ವಯಸ್ಸು, ಇಂಥ ಊರಲ್ಲಿ ಎತ್ತಿಕೊಂಡು ಹೋದರು. ಆ ಹೆಸರುಗಳನ್ನು ಬರೆದುಕೊಂಡ ಕ್ಷಣದಿಂದ ಅನೀಸ್ ಮತ್ತು ಅವರಂಥವರ ಕೆಲಸದ ಸ್ವರೂಪವೇ ಬದಲಾಯಿತು. ಅನ್ನ ಬಟ್ಟೆ ಕೊಡುವವರು ಹುಡುಕಿ ತರುವವರಾದರು.

ಹುಡುಕುವುದು ಎರಡೂ ಸರ್ಕಾರಗಳ ಒಪ್ಪಂದದ ಪ್ರಕಾರ ನಡೆಯಬೇಕಿತ್ತು. 1947ರ ಡಿಸೆಂಬರ್ 6ರಂದು ಲಾಹೋರಿನಲ್ಲಿ ಭಾರತ ಪಾಕಿಸ್ತಾನಗಳ ಸಭೆ ಸೇರಿ, ಅಪಹೃತ ಹೆಂಗಸರನ್ನು ಪರಸ್ಪರ ಹಿಂದಿರುಗಿಸಬೇಕೆಂದು ತೀರ್ಮಾನಿಸಿತು. ಭಾರತದಲ್ಲಿ ಸುಮಾರು 50,000 ಮುಸ್ಲಿಂ ಹೆಂಗಸರು, ಪಾಕಿಸ್ತಾನದಲ್ಲಿ ಸುಮಾರು 33,000 ಹಿಂದೂ ಮತ್ತು ಸಿಖ್ ಹೆಂಗಸರು ಹೀಗೆ ಸಿಕ್ಕಿಕೊಂಡಿದ್ದಾರೆಂದು ಆಗ ಅಂದಾಜು ಮಾಡಲಾಗಿತ್ತು. ಭಾರತದ ಕಡೆಯಿಂದ ಈ ಕೆಲಸದ ಮುಂದಾಳು ಮೃದುಲಾ ಸಾರಾಭಾಯಿ. ಅಹಮದಾಬಾದಿನ ಗಿರಣಿ ಮಾಲೀಕ ಅಂಬಾಲಾಲ್ ಸಾರಾಭಾಯಿಯವರ ಮಗಳು. ಪುನರ್ವಸತಿ ಸಚಿವಾಲಯದ ಮಹಿಳಾ ವಿಭಾಗದ ಹೊಣೆ ರಾಮೇಶ್ವರಿ ನೆಹರೂ ಅವರದು. ಲಾಹೋರಿನಲ್ಲಿದ್ದು ಅಲ್ಲಿಂದ ಕೆಲಸ ಮಾಡಿದವರು ಗುಜರಾತಿನ ಕಮಲಾಬೆನ್ ಪಟೇಲ್. ದಿಲ್ಲಿಯಲ್ಲಿ ಅನೀಸ್ ಅವರ ಜೊತೆಗಾತಿ ಸುಭದ್ರಾ ಜೋಶಿ. ಒಬ್ಬೊಬ್ಬರದು ಒಂದೊಂದು ಮನೆತನ, ಒಂದೊಂದು ಭಾಷೆ. ಎದುರಿಗಿದ್ದ ಕೆಲಸ ಒಂದೇ.

ಹಳ್ಳಿಗೆ ಹೋಗಿ ಇಲ್ಲಿ ಕದ್ದು ತಂದ ಹೆಣ್ಣಿದ್ದಾಳೆಯೇ ಎಂದು ಕೇಳಿದರೆ ಯಾರು ಹೇಳುತ್ತಾರೆ? ಇಡೀ ಊರೇ ಬಾಯಿ ಕಟ್ಟಿಕೊಳ್ಳುತ್ತಿತ್ತು. ಹೆಂಗಸರು ಮೊಟ್ಟೆ ಮಾರುವ ನೆಪದಲ್ಲಿ ಊರೊಳಗೆ ಹೋಗಿ, ಮಜ್ಜಿಗೆ ಕೇಳುತ್ತಾ ಮಾತಿಗೆಳೆದು, ಸುಳಿವು ಸಿಕ್ಕ ಮೇಲೆ ಪೊಲೀಸರನ್ನು ಕರೆದದ್ದುಂಟು. ಆ ಪೊಲೀಸರಲ್ಲೇ ಕೆಲವರು ಲೂಟಿಯಲ್ಲೂ ಅಪಹರಣದಲ್ಲೂ ಪಾಲುಗಾರರು. ಸುದ್ದಿ ಮುಂಚೆಯೇ ತಲುಪಿ, ದಾಳಿ ಮಾಡುವಷ್ಟರಲ್ಲಿ ಹೆಣ್ಣು ಪಕ್ಕದೂರಿಗೆ ಸಾಗಿಸಲ್ಪಟ್ಟಿರುತ್ತಿದ್ದಳು. ಇಷ್ಟೆಲ್ಲ ಕಷ್ಟದ ನಡುವೆ 1955ರ ಹೊತ್ತಿಗೆ ಭಾರತದಿಂದ 20,728 ಮುಸ್ಲಿಂ ಹೆಂಗಸರನ್ನೂ ಪಾಕಿಸ್ತಾನದಿಂದ 9,032 ಹಿಂದೂ, ಸಿಖ್ ಹೆಂಗಸರನ್ನೂ ಹೊರತಂದ ಲೆಕ್ಕವಿದೆ. ಕೋಮುದ್ವೇಷ ನೆತ್ತಿಗೇರಿದ ಕಾಲದಲ್ಲಿ, ತಮ್ಮ ಧರ್ಮದವರಲ್ಲದ ಹೆಣ್ಣುಮಕ್ಕಳಿಗಾಗಿ ತಮ್ಮದೇ ಜನರನ್ನು ಎದುರು ಹಾಕಿಕೊಂಡು ಓಡಾಡಿದ ಈ ಹೆಂಗಸರ ಧೈರ್ಯವನ್ನು ಎಷ್ಟು ನೆನೆದರೂ ಸಾಲದು.

ಆದರೆ ಪ್ರತಿ ಹೆಣ್ಣೂ ಬಾಗಿಲು ತೆರೆದ ಕೂಡಲೇ ಓಡಿ ಬರಲಿಲ್ಲ. ಕೆಲವರು ಬರುವುದಿಲ್ಲ ಎಂದರು. ಕೆಲವರು ಕಂಬ ಹಿಡಿದುಕೊಂಡು ಅತ್ತರು. ಯಾಕೆ ಹೀಗೆ ಎಂದು ಅನೀಸ್ ತಮ್ಮ ಪುಸ್ತಕದಲ್ಲಿ ತಾಳ್ಮೆಯಿಂದ ಯೋಚಿಸುತ್ತಾರೆ. ಹತ್ತು ಕೈ ಬದಲಾಗಿ, ಕೊನೆಗೊಬ್ಬ ಮರ್ಯಾದೆಯಿಂದ ನಡೆಸಿಕೊಂಡವನ ಮನೆ ಸೇರಿದವಳಿಗೆ ಆ ಮನೆಯೇ ದಡವೆನ್ನಿಸಿರಬಹುದು. ಹೆತ್ತವರು ಬದುಕಿದ್ದಾರೋ ಇಲ್ಲವೋ ಗೊತ್ತಿಲ್ಲದವಳಿಗೆ ಮತ್ತೊಂದು ಲಾರಿ ಹತ್ತುವುದೆಂದರೆ ಮತ್ತೊಂದು ಅಪಹರಣದಂತೆ ಕಂಡಿರಬಹುದು. ಹೋದರೆ ಮನೆಯವರು ಸೇರಿಸುತ್ತಾರೆಯೇ ಎಂಬ ಭಯವಂತೂ ಎಲ್ಲರಿಗೂ ಇತ್ತು. ಇವರ್‍ಯಾರೂ ಅಪಹರಣ ಸರಿಯೆಂದು ಹೇಳುತ್ತಿರಲಿಲ್ಲ. ನನ್ನ ಬದುಕನ್ನು ಮತ್ತೆ ಯಾರೋ ಎತ್ತಿ ಒಯ್ಯುವುದು ಬೇಡ ಎಂದಷ್ಟೇ ಹೇಳುತ್ತಿದ್ದರು.

ಈ ಮಾತಿಗೆ ಕಾನೂನಿನಲ್ಲಿ ಜಾಗವಿರಲಿಲ್ಲ. 1949ರ ಜನವರಿ ಕೊನೆಯಲ್ಲಿ ಸುಗ್ರೀವಾಜ್ಞೆ ಬಂತು, ಡಿಸೆಂಬರಿನಲ್ಲಿ ಅದು ಅಪಹೃತ ವ್ಯಕ್ತಿಗಳ ಕಾಯ್ದೆಯಾಯಿತು. 'ಅಪಹೃತ ವ್ಯಕ್ತಿ' ಯಾರೆಂದು ಆ ಕಾಯ್ದೆ ವಿವರಿಸಿದ ರೀತಿ ಗಮನಿಸಬೇಕು. 1947ರ ಮಾರ್ಚ್ 1ರ ನಂತರ, 1949ರ ಜನವರಿ 1ರ ಮೊದಲು ತನ್ನ ಕುಟುಂಬದಿಂದ ಬೇರ್ಪಟ್ಟು ಬೇರೆಯವರ ಮನೆಯಲ್ಲಿ ಸಿಕ್ಕಿದ ಮುಸ್ಲಿಂ ಗಂಡು ಮಗುವಾದರೆ 16ರ ಒಳಗಿನವನು, ಹೆಣ್ಣಾದರೆ ಯಾವುದೇ ವಯಸ್ಸಿನವಳು. ಅಂದರೆ 17ರ ಹುಡುಗ ತಾನೆಲ್ಲಿರಬೇಕೆಂದು ತಾನೇ ಹೇಳಬಹುದು, 40ರ ಹೆಂಗಸು ಹೇಳುವಂತಿಲ್ಲ. ಆ ಅವಧಿಯಲ್ಲಿ ಒಬ್ಬಳು ತಾನಾಗಿ ಒಲಿದು ಮದುವೆಯಾಗಿದ್ದರೂ ಕಾಯ್ದೆಯ ಕಣ್ಣಿಗೆ ಅವಳು ಅಪಹೃತೆಯೇ. ಪೊಲೀಸರು ವಾರಂಟ್ ಇಲ್ಲದೆ ಮನೆ ಹೊಕ್ಕಬಹುದಿತ್ತು. ವಿವಾದ ಬಂದರೆ ತೀರ್ಮಾನಿಸಲು ಟ್ರಿಬ್ಯುನಲ್ ಇತ್ತು, ಆದರೆ ಶಿಬಿರದಲ್ಲಿ ಇರಿಸಿಕೊಂಡದ್ದನ್ನು ಕೋರ್ಟಿನಲ್ಲಿ ಪ್ರಶ್ನಿಸುವಂತಿರಲಿಲ್ಲ.

ಮಸೂದೆ ಮಂಡಿಸಿದವರು ಎನ್. ಗೋಪಾಲಸ್ವಾಮಿ ಅಯ್ಯಂಗಾರ್. ಅದರ ಮೇಲಿನ ಚರ್ಚೆಯಲ್ಲಿ ಠಾಕೂರ್ ದಾಸ್ ಭಾರ್ಗವ ಮೊದಲಾದ ಸದಸ್ಯರು, ಪ್ರಾಯಕ್ಕೆ ಬಂದ ಹೆಣ್ಣಿನ ಇಚ್ಛೆಗೆ ಬೆಲೆಯೇ ಇಲ್ಲವೇ ಎಂದು ಆಕ್ಷೇಪ ಎತ್ತಿದರು. ಪಂಜಾಬಿನ ಹೈಕೋರ್ಟು ಮುಂದೆ ಒಂದು ಪ್ರಕರಣದಲ್ಲಿ ಕಾಯ್ದೆ ಸಂವಿಧಾನದ 22ನೇ ವಿಧಿಗೆ ವಿರುದ್ಧ ಎಂದಿತು. ಆದರೆ 1952ರಲ್ಲಿ ಸುಪ್ರೀಂ ಕೋರ್ಟು, ಹೀಗೆ ವಶಕ್ಕೆ ತೆಗೆದುಕೊಳ್ಳುವುದು ಆ ವಿಧಿ ಹೇಳುವ ಬಂಧನವಲ್ಲ ಎಂದು ಕಾಯ್ದೆಯನ್ನು ಎತ್ತಿಹಿಡಿಯಿತು. ಕಾಯ್ದೆ ಉಳಿಯಿತು. ಅದನ್ನು ಹಳ್ಳಿಯ ಅಂಗಳದಲ್ಲಿ, ಅಳುವ ಹೆಣ್ಣಿನ ಎದುರು ಜಾರಿ ಮಾಡುವ ಕೆಲಸ ಸಮಾಜ ಸೇವಕಿಯರ ಪಾಲಿಗೆ ಬಂತು.

ಇಲ್ಲಿ ಆ ಹೆಂಗಸರ ನಡುವೆಯೇ ಎರಡು ಅಭಿಪ್ರಾಯಗಳು ಹುಟ್ಟಿದವು. ಎರಡಕ್ಕೂ ತೂಕವಿತ್ತು. ಅಪಹರಿಸಿದವನ ಮನೆಯಲ್ಲಿ, ಅವನ ಕಣ್ಣೆದುರು ನಿಂತು ಹೆಣ್ಣು ಹೇಳುವ ಮಾತು ಅವಳ ಸ್ವಂತ ಮಾತಲ್ಲ ಎಂಬುದು ಮೃದುಲಾ ಅವರ ನಿಲುವು. ಮೊದಲು ಹೊರಗೆ ತನ್ನಿ, ನಾಲ್ಕು ದಿನ ಭಯವಿಲ್ಲದ ಜಾಗದಲ್ಲಿರಲಿ, ಆಮೇಲೆ ಅವಳ ಮನಸ್ಸು ಬೇರೆಯೇ ಹೇಳುತ್ತದೆ ಎಂದು ಅವರು ನಂಬಿದ್ದರು. ಹಾಗೆ ಮನಸ್ಸು ತೆರೆದವರು ನಿಜಕ್ಕೂ ಇದ್ದರು. ಹೊಡೆತದ ಭಯದಲ್ಲಿ ಬಾಯಿ ಮುಚ್ಚಿಕೊಂಡವಳ ಮೌನವನ್ನು ಒಪ್ಪಿಗೆಯೆಂದು ಓದಬಾರದು ಎಂಬ ಈ ಪಾಠವನ್ನು ಇಂದಿಗೂ ಯಾರೂ ಅಲ್ಲಗಳೆಯಲಾರರು. ಆದರೆ ರಾಮೇಶ್ವರಿ ನೆಹರೂ 1949ರಲ್ಲಿ ಸಚಿವಾಲಯಕ್ಕೆ ಬರೆದ ಟಿಪ್ಪಣಿಯಲ್ಲಿ ಬೇರೆ ಮಾತು ಹೇಳಿದರು. ಬಲವಂತದಿಂದ ಕಳಿಸಿದ ಹೆಂಗಸರ ದುಃಖ ನೋಡಿದ ಮೇಲೆ, ಹೇಗೋ ಬೇರೂರಿದ ಬದುಕನ್ನು ಮತ್ತೆ ಕಿತ್ತು ಹಾಕಿ ಯಾರಿಗೂ ಸುಖ ಸಿಕ್ಕಿಲ್ಲವೆಂದು ಅವರಿಗೆ ಕಂಡಿತ್ತು. ಒಬ್ಬರು ಅವಳ ಮಾತನ್ನು ಇನ್ನೂ ನಂಬಬೇಡಿ ಎಂದರು, ಇನ್ನೊಬ್ಬರು ಈಗಲಾದರೂ ಕೇಳಿ ಎಂದರು.

ಈ ಎರಡರ ನಡುವೆ ಅತ್ತ ದರಿ ಇತ್ತ ಪುಲಿ ಎಂಬಂತೆ ಸಿಕ್ಕಿದವರು ಕಮಲಾಬೆನ್ ಅಂಥವರು. ಅವರು ಗುಜರಾತಿಯಲ್ಲಿ ಬರೆದ ನೆನಪುಗಳ ಪುಸ್ತಕ 'ಮೂಲ ಸೋತಾಂ ಉಖಡೇಲಾಂ'. ಬೇರು ಸಮೇತ ಕಿತ್ತವರು ಎಂದು ಅದರ ಅರ್ಥ. ಲಾಹೋರಿನ ಗಂಗಾರಾಮ್ ಆಸ್ಪತ್ರೆಯ ಶಿಬಿರದಲ್ಲಿ ಹೆಂಗಸರನ್ನು ಇರಿಸಿಕೊಂಡು ಭಾರತಕ್ಕೆ ಕಳಿಸುವ ಕೆಲಸ ಅವರದು. ಅವರನ್ನು ಹೆಚ್ಚು ಕಾಡಿದ ಪ್ರಶ್ನೆ ಮಕ್ಕಳದು. ಅಪಹರಣದ ನಂತರ ಹುಟ್ಟಿದ ಮಗು ಯಾರದು? ಯಾವ ದೇಶದ್ದು? ಮಗು ಹುಟ್ಟಿದ ನೆಲದಲ್ಲೇ ಉಳಿಯಲಿ, ತಾಯಿ ಮಾತ್ರ ಗಡಿ ದಾಟಲಿ ಎಂಬುದು ಕಾಗದದ ಮೇಲೆ ಸುಲಭವಾದ ಪರಿಹಾರವಾಗಿ ಕಂಡಿತು. ಎದೆಹಾಲು ಕುಡಿಯುವ ಕೂಸನ್ನು ತಾಯಿಯ ಕೈಯಿಂದ ತೆಗೆದುಕೊಳ್ಳಬೇಕಾದವರಿಗೆ ಅದು ಹಾಗೆ ಕಾಣಲಿಲ್ಲ. ಕಮಲಾಬೆನ್ ಪಟ್ಟು ಹಿಡಿದು ವಿರೋಧಿಸಿದರು. ಕೊನೆಗೆ ಮಕ್ಕಳನ್ನೂ ಜಲಂಧರದ ಶಿಬಿರದವರೆಗೆ ಕರೆತಂದು, ಕೆಲವು ದಿನ ಯೋಚಿಸಿ ತಾಯಿಯೇ ತೀರ್ಮಾನಿಸುವಂಥ ವ್ಯವಸ್ಥೆಯಾಯಿತು. ಇಡೀ ಯಂತ್ರದಲ್ಲಿ ಹೆಣ್ಣನ್ನು ಕೇಳಲೆಂದು ತೆರೆದ ಒಂದು ಸಣ್ಣ ಕಿಂಡಿ ಅದು. ಸರ್ಕಾರ ತಾನಾಗಿ ತೆರೆದದ್ದಲ್ಲ, ಕೆಲಸ ಮಾಡುವವಳು ಜಗಳವಾಡಿ ತೆರೆಸಿದ್ದು.

ಗರ್ಭಿಣಿಯರ ವಿಷಯ ಇನ್ನೂ ಕಷ್ಟದ್ದು. ಆ ಕಾಲದಲ್ಲಿ ಗರ್ಭಪಾತ ಅಪರಾಧ. 1971ರ ಕಾಯ್ದೆ ಬರಲು ಇನ್ನೂ ಇಪ್ಪತ್ತು ವರ್ಷವಿತ್ತು. ಆದರೂ ಗರ್ಭಿಣಿಯನ್ನು ಮನೆಯವರು ಸೇರಿಸುವುದಿಲ್ಲವೆಂಬ ಕಾರಣಕ್ಕೆ 'ಸಫಾಯಾ' ಎಂಬ ಹೆಸರಿನಲ್ಲಿ ಗುಟ್ಟಾಗಿ ಅದು ನಡೆಯಿತು. ಸರ್ಕಾರಕ್ಕೂ ಗೊತ್ತಿತ್ತು. ಸೇವಕಿಯರು ಕಾನೂನು ಪಾಲಿಸಿದರೆ ಹೆಣ್ಣು ಬೀದಿಪಾಲು, ಹೆಣ್ಣನ್ನು ಉಳಿಸಿದರೆ ಕಾನೂನಿನ ಉಲ್ಲಂಘನೆ. ಆ ಹೆಣ್ಣಿಗೇ ಮಗು ಬೇಕಿತ್ತೋ ಬೇಡವಾಗಿತ್ತೋ ಎಂಬ ಪ್ರಶ್ನೆಯನ್ನು ಇಲ್ಲಿಯೂ ಎಷ್ಟು ಮಂದಿ ಕೇಳಿದರು ಎಂಬುದು ಯಾವ ಕಡತದಲ್ಲೂ ಸಿಗುವ ವಿಷಯವಲ್ಲ.

ಮನೆ ಸೇರುವುದು ಹಾಗಿರಲಿ, ಮನೆಯ ಬಾಗಿಲು ತೆರೆಯುವುದೇ ದೊಡ್ಡ ಕೆಲಸವಾಗಿತ್ತು. ಹೆಣ್ಣುಮಕ್ಕಳನ್ನು ವಾಪಸು ಸ್ವೀಕರಿಸಿ ಎಂದು ಗಾಂಧೀಜಿ, ನೆಹರೂ ಮತ್ತೆ ಮತ್ತೆ ಬೇಡಿಕೊಂಡರು. ಇಂಥ ಹೆಣ್ಣು ಅಶುದ್ಧಳಲ್ಲ ಎಂದು ತಿಳಿಹೇಳಲು ಸಚಿವಾಲಯ ಕರಪತ್ರಗಳನ್ನೇ ಅಚ್ಚು ಹಾಕಿಸಬೇಕಾಯಿತು. ಮನೆಯವರು ಬಾರದ ಹೆಂಗಸರು ಜಲಂಧರದ ಗಾಂಧಿ ವನಿತಾ ಆಶ್ರಮದಂಥ ಕಡೆ ವರ್ಷಗಟ್ಟಲೆ ಉಳಿದರು. ಹುಡುಕಿ ತಂದವರು ಈಗ ಹೊಲಿಗೆ ಕಲಿಸುವವರೂ ಕೆಲಸ ಹುಡುಕಿಕೊಡುವವರೂ ಕೆಲವೊಮ್ಮೆ ಮದುವೆ ಮಾಡಿಸುವವರೂ ಆದರು.

ಈ ಕೆಲಸದ ಒಳಮುಖವನ್ನು ಅಂದಿನ ಉರ್ದು ಕಥೆಗಾರರು ನೋಡಿದಷ್ಟು ಹತ್ತಿರದಿಂದ ಇತಿಹಾಸಕಾರರು ನೋಡಿದ್ದು ಬಹಳ ತಡವಾಗಿ. ಉರ್ವಶಿ ಬುಟಾಲಿಯಾ ಅವರ ಪುಸ್ತಕ, ರಿತು ಮೆನನ್ ಮತ್ತು ಕಮಲಾ ಭಸೀನ್ ಅವರ ಪುಸ್ತಕ ಎರಡೂ ಬಂದದ್ದು 1998ರಲ್ಲಿ. ಮಂಟೋ 'ಖೋಲ್ ದೋ' ಬರೆದದ್ದು 1948ರಲ್ಲಿ. ಮುಂಬಯಿಯಲ್ಲಿದ್ದಾಗ, ಮ್ಯಾನ್ಶಾರ್ಟ್ ನೆರೆಹೊರೆ ಕೇಂದ್ರ ತೆರೆದ ಆ ಬೈಕುಲಾದಲ್ಲೇ ವಾಸವಾಗಿದ್ದವನು ಮಂಟೋ. ಕಥೆಯಲ್ಲಿ ಮುದಿ ಅಪ್ಪನೊಬ್ಬ, ಕಳೆದುಹೋದ ಮಗಳನ್ನು ಹುಡುಕಿಕೊಡಿ ಎಂದು ನಿರಾಶ್ರಿತರ ಕೆಲಸಕ್ಕೆ ನಿಂತ ಸ್ವಯಂಸೇವಕ ಹುಡುಗರನ್ನು ನಂಬುತ್ತಾನೆ. ಅವರು ಅವಳನ್ನು ಹುಡುಕುತ್ತಾರೆ. ಮುಂದಿನದು ಓದಿದವರಿಗೆ ಗೊತ್ತು. ಅದನ್ನು ಅಚ್ಚು ಹಾಕಿದ್ದಕ್ಕೆ ಲಾಹೋರಿನ 'ನುಖೂಶ್' ಪತ್ರಿಕೆಯನ್ನು ಆರು ತಿಂಗಳು ನಿಲ್ಲಿಸಿದರು. ಶತ್ರುವಿನ ಕ್ರೌರ್ಯದ ಕಥೆಯಾಗಿದ್ದರೆ ಯಾರೂ ಕೋಪಗೊಳ್ಳುತ್ತಿರಲಿಲ್ಲ. ರಕ್ಷಿಸುವವರ ಬಗ್ಗೆ ಬರೆದದ್ದೇ ತಪ್ಪಾಯಿತು. ಕಷ್ಟದಲ್ಲಿರುವವರ ಮೇಲೆ ಸಹಾಯ ಮಾಡುವವರಿಗೆ ಸಿಗುವ ಅಧಿಕಾರ ಎಷ್ಟು ದೊಡ್ಡದು, ಅದಕ್ಕೆ ಕಾವಲು ಎಷ್ಟು ಅಗತ್ಯ ಎಂಬುದನ್ನು ಅಷ್ಟು ಚಿಕ್ಕ ಕಥೆಯಲ್ಲಿ ಹೇಳಿದ ಇನ್ನೊಬ್ಬರನ್ನು ನಾನು ಕಾಣೆ.

ರಾಜಿಂದರ್ ಸಿಂಗ್ ಬೇಡಿಯ 'ಲಾಜವಂತಿ' ಇನ್ನೂ ಸೂಕ್ಷ್ಮ. ಅದರ ನಾಯಕ ಸುಂದರಲಾಲ ಒಳ್ಳೆಯ ಮನುಷ್ಯ. ಅಪಹೃತ ಹೆಂಗಸರನ್ನು ಮನೆ ತುಂಬಿಸಿಕೊಳ್ಳಿ ಎಂದು ಪ್ರಚಾರ ಮಾಡುವ ಸಮಿತಿಯ ಕಾರ್ಯದರ್ಶಿ. ಅವನ ಹೆಂಡತಿಯೇ ಒಂದು ದಿನ ಹಿಂದಿರುಗುತ್ತಾಳೆ. ಅವನು ಅವಳನ್ನು ಹೊಡೆಯುವುದಿಲ್ಲ, ಬೈಯುವುದಿಲ್ಲ, ದೇವಿಯೆಂದು ಕರೆದು ಪೂಜಿಸುತ್ತಾನೆ. ಒಂದನ್ನು ಮಾತ್ರ ಮಾಡುವುದಿಲ್ಲ. ಅವಳು ತನ್ನ ಕಥೆ ಹೇಳಲು ಬಾಯಿ ತೆರೆದರೆ, ಆದದ್ದೆಲ್ಲ ಮರೆತುಬಿಡೋಣ ಎಂದು ತಡೆಯುತ್ತಾನೆ. ಅವಳು ಮನೆ ಸೇರಿದಳು, ಆದರೆ ಮತ್ತೆ ಹೆಂಡತಿಯಾಗಲಿಲ್ಲ. ಜಮೀಲಾ ಹಾಶ್ಮಿಯವರ 'ಬನ್‌ಬಾಸ್' ಕಥೆಯಲ್ಲಿ ಕರೆದೊಯ್ಯಲು ಬಂದವರಿಂದ ಹೆಣ್ಣೇ ಅಡಗಿಕೊಳ್ಳುತ್ತಾಳೆ, ಮಗಳಿಗಾಗಿ. ಈ ಮೂರು ಕಥೆಗಳನ್ನು ಸಮಾಜಕಾರ್ಯದ ತರಗತಿಗಳಲ್ಲಿ ಪಠ್ಯವಾಗಿ ಓದಿಸಬೇಕು.

ಹೆಣ್ಣನ್ನು, ನಿರಾಶ್ರಿತರನ್ನು ಕೇಳಿಯೇ ಕೆಲಸ ಮಾಡಿದ ಉದಾಹರಣೆ ಆಗ ಇರಲಿಲ್ಲವೆಂದಲ್ಲ. ನಮ್ಮ ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಕಟ್ಟಿದರು. ವಾಯವ್ಯ ಗಡಿ ಪ್ರಾಂತದಿಂದ ಬಂದ ನಿರಾಶ್ರಿತರಿಗಾಗಿ ದಿಲ್ಲಿಯ ಪಕ್ಕದ ಫರೀದಾ‌ಬಾದಿನಲ್ಲಿ ಹೊಸ ಊರು ಕಟ್ಟುವಾಗ ಗುತ್ತಿಗೆದಾರರ ಬದಲು ನಿರಾಶ್ರಿತರೇ ಸಹಕಾರಿ ಸಂಘಗಳನ್ನು ಮಾಡಿಕೊಂಡು ತಮ್ಮ ಮನೆಗಳನ್ನು ತಾವೇ ಕಟ್ಟಿಕೊಳ್ಳುವಂತೆ ಈ ಸಂಸ್ಥೆ ನಿಂತು ನೋಡಿಕೊಂಡಿತು. ಅಂಗಡಿ ಇಟ್ಟು, ಲೇವಾದೇವಿ ಮಾಡಿ ಬದುಕಿದ್ದವರು ಇಟ್ಟಿಗೆ ಹೊರಲು ಮೊದಲು ಒಪ್ಪಲಿಲ್ಲ. ಒಪ್ಪಿಸಲು ಸಮಯ ಹಿಡಿಯಿತು. ಇಂಥ ಕೆಲಸ ನಿಧಾನ. ವರದಿಯಲ್ಲಿ ತೋರಿಸಲು ಸಂಖ್ಯೆ ಬೇಗ ಸಿಗುವುದಿಲ್ಲ. ಹುಡುಕಿ ತಂದ ಹೆಂಗಸರ ಲೆಕ್ಕ ತಿಂಗಳಿಗೊಮ್ಮೆ ಎರಡು ಸರ್ಕಾರಗಳ ನಡುವೆ ಓಡಾಡುತ್ತಿತ್ತು. ಅವರು ಕೊಟ್ಟರೆ ನಾವು, ನಾವು ಕೊಟ್ಟರೆ ಅವರು ಎಂಬ ಲೆಕ್ಕದಲ್ಲಿ ಹೆಣ್ಣು ಅಂಕಿಯಾದಳು. ಫರೀದಾಬಾದಿನ ನಿರಾಶ್ರಿತ ಅಂಕಿಯಾಗದೆ ಉಳಿದದ್ದು ಅವನನ್ನು ಕೇಳಿದ್ದರಿಂದ.

ವರ್ಷ ವರ್ಷ ಮುಂದುವರಿದ ಅಪಹೃತರ ಕಾಯ್ದೆ 1957ರಲ್ಲಿ ಕೊನೆಗೊಂಡಿತು. ಅದೇ 1957ರಲ್ಲಿ ಶಿಕಾಗೋದ ಲೊಯೋಲಾ ವಿಶ್ವವಿದ್ಯಾಲಯದ ಪಾದ್ರಿ ಫೆಲಿಕ್ಸ್ ಬೀಸ್ಟೆಕ್ ಅವರ ಪುಸ್ತಕ ಬಂತು. ಸಮಾಜ ಕಾರ್ಯಕರ್ತರು ಪಾಲಿಸಬೇಕಾದ ಏಳು ತತ್ವಗಳನ್ನು ಅದು ಹೇಳುತ್ತದೆ. ತೀರ್ಪು ಕೊಡದಿರುವುದು, ಗುಟ್ಟು ಕಾಯುವುದು ಇತ್ಯಾದಿಗಳ ಜೊತೆಗೆ ಒಂದು ತತ್ವ ಇದು: ತನ್ನ ಬದುಕಿನ ತೀರ್ಮಾನವನ್ನು ಸಹಾಯ ಕೇಳಿ ಬಂದವನೇ ಮಾಡಬೇಕು. ಇಂದು ಎಂ.ಎಸ್.ಡಬ್ಲ್ಯು. ಓದುವ ಪ್ರತಿ ವಿದ್ಯಾರ್ಥಿಯೂ ಪರೀಕ್ಷೆಗೆ ಈ ಏಳನ್ನು ಬಾಯಿಪಾಠ ಮಾಡುತ್ತಾನೆ. ಅದೇ ತತ್ವಕ್ಕೆ ಲಾಹೋರ್, ಜಲಂಧರ್, ದಿಲ್ಲಿಯ ಶಿಬಿರಗಳಲ್ಲಿ ನಮ್ಮ ಹೆಂಗಸರು ಅದಕ್ಕೂ ಎಷ್ಟೋ ಮೊದಲು ರಕ್ತದ ಬೆಲೆ ಕೊಟ್ಟಿದ್ದರು ಎಂಬುದು ಬಹಳ ಪಠ್ಯಗಳಲ್ಲಿಲ್ಲ.

ಅಲ್ಲಿಂದ ಇಲ್ಲಿಗೆ ವೃತ್ತಿ ಬೆಳೆದಿದೆ. ಕರ್ನಾಟಕದಲ್ಲಿ ಮಂಗಳೂರಿನ ರೋಶನಿ ನಿಲಯ 1960ರಿಂದ ಸಮಾಜಕಾರ್ಯ ಕಲಿಸುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್ ಮನೋವೈದ್ಯಕೀಯ ಸಮಾಜಕಾರ್ಯಕ್ಕೆ ದೇಶದಲ್ಲೇ ಹೆಸರಾದ ಜಾಗ. ಬಾಲನ್ಯಾಯ ಮಂಡಳಿಯಲ್ಲಿ ನ್ಯಾಯಾಧೀಶರ ಜೊತೆ ಇಬ್ಬರು ಸಮಾಜ ಕಾರ್ಯಕರ್ತರು ಕೂರಬೇಕು, ಅವರಲ್ಲಿ ಒಬ್ಬರು ಹೆಣ್ಣಾಗಿರಬೇಕು ಎಂದು ಕಾನೂನೇ ಹೇಳುತ್ತದೆ. 2021ರ ಕಾಯ್ದೆಯೊಂದು ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ಆರೋಗ್ಯ ವೃತ್ತಿಗಳ ಪಟ್ಟಿಗೆ ಸೇರಿಸಿತು. ಆದರೆ ಕೆಲಸದ ಹೊರೆ ಹಳೆಯದೇ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ರಕ್ಷಣಾಧಿಕಾರಿಗಳಿರಬೇಕು. ನಮ್ಮ ರಾಜ್ಯದಲ್ಲಿ ಅಂಗನವಾಡಿಗಳನ್ನು ನೋಡಿಕೊಳ್ಳುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಹೆಗಲಿಗೇ ಈ ಹೊಣೆಯನ್ನೂ ಏರಿಸಲಾಯಿತು. ಮೊಟ್ಟೆ, ಹಾಲಿನಪುಡಿಯ ಲೆಕ್ಕದ ನಡುವೆ ಹೊಡೆತ ತಿಂದ ಹೆಣ್ಣಿನ ಮಾತು ಕೇಳಲು ಎಷ್ಟು ಹೊತ್ತು ಸಿಗುತ್ತದೆ?

ಬಲವಂತದ ರಕ್ಷಣೆಯೂ ಮುಗಿದ ಕಥೆಯಲ್ಲ. ದಾಳಿ ಮಾಡಿ ತಂದ ಲೈಂಗಿಕ ಕಾರ್ಯಕರ್ತೆಯರನ್ನು ರಕ್ಷಣಾಗೃಹಗಳಲ್ಲಿ ಅವರ ಇಚ್ಛೆಗೆ ವಿರುದ್ಧವಾಗಿ ಇಟ್ಟಿದ್ದಾರೆಯೇ ಎಂದು ಸಮೀಕ್ಷೆ ಮಾಡಿ, ಅಂಥ ಪ್ರಾಯಸ್ಥ ಹೆಂಗಸರನ್ನು ಬಿಡುವ ಕ್ರಮ ಕೈಗೊಳ್ಳಿ ಎಂದು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳಿಗೆ ಹೇಳಬೇಕಾಯಿತು. 1952ರ ತೀರ್ಪಿನಿಂದ ಅಲ್ಲಿಗೆ ಬರಲು 70 ವರ್ಷ ಹಿಡಿಯಿತು. ಮನೆ ಬಿಟ್ಟು ಹೋದ ಮಗಳನ್ನು 'ವಾಪಸು ಕೊಡಿಸಿ' ಎಂದು ಠಾಣೆಗೆ ಬರುವ ಅಪ್ಪಂದಿರು ಎಲ್ಲ ಜಾತಿ, ಎಲ್ಲ ಧರ್ಮಗಳಲ್ಲೂ ಇದ್ದಾರೆ. ಊರ ಹಿರಿಯರು, ಜಮಾತು, ಸಂಘ, ಎಲ್ಲರೂ ಅವರ ಹಿಂದೆ ನಿಲ್ಲುತ್ತಾರೆ. ಆಗ ಠಾಣೆಯ ಆ ಕೋಣೆಯಲ್ಲಿ ಹುಡುಗಿಯ ಪಕ್ಕ ಒಬ್ಬ ಕಾರ್ಯಕರ್ತೆ ಕೂತಿದ್ದರೆ, ಅವಳು ಮೊದಲು ಮಾಡಬೇಕಾದದ್ದು ಸುತ್ತಲಿನವರನ್ನು ಹೊರಗೆ ಕಳಿಸುವುದು. ಇದು ಮೃದುಲಾ ಕಲಿಸಿದ ಪಾಠ. ಆಮೇಲೆ ಹುಡುಗಿ ಹೇಳಿದ್ದನ್ನು, ತನಗೆ ಹಿಡಿಸದಿದ್ದರೂ, ಬರೆದುಕೊಂಡು ಅದರ ಜೊತೆ ನಿಲ್ಲುವುದು. ಇದು ರಾಮೇಶ್ವರಿ ನೆಹರೂ ಮತ್ತು ಕಮಲಾಬೆನ್ ಕಲಿಸಿದ್ದು. ಒಂದು ಪಾಠ ಬಿಟ್ಟು ಇನ್ನೊಂದನ್ನು ಮಾತ್ರ ಹಿಡಿದರೆ ಯಾರಿಗಾದರೂ ಅನ್ಯಾಯವಾಗುತ್ತದೆ.

ಅನೀಸ್ ಕಿದ್ವಾಯಿ 1956ರಿಂದ 1962ರವರೆಗೆ ರಾಜ್ಯಸಭೆಯಲ್ಲಿದ್ದರು. ಮೃದುಲಾ ಶೇಖ್ ಅಬ್ದುಲ್ಲಾ ಅವರ ಪರ ನಿಂತದ್ದಕ್ಕೆ ಸ್ವತಂತ್ರ ಭಾರತದಲ್ಲೇ ಜೈಲು ಕಂಡರು. ಇವರ ಹೆಸರಿನಲ್ಲಿ ನಮ್ಮ ಕಡೆ ಒಂದು ಬೀದಿಯಿಲ್ಲ, ಒಂದು ಬ್ಯಾನರಿಲ್ಲ. ಫ್ಲೆಕ್ಸಿನ ಮೇಲೆ 'ಸಮಾಜ ಸೇವಕರು' ಎಂದು ಬರೆಸಿಕೊಳ್ಳುವವರು ಬರೆಸಿಕೊಳ್ಳಲಿ. ಆ ಹೆಸರಿಗೆ ನಿಜವಾಗಿ ಹಕ್ಕಿರುವುದು, ಕೊಡುವ ಕೈ ಮುಂದೆ ಚಾಚುವ ಮೊದಲು ಎದುರಿಗಿದ್ದವರನ್ನು 'ನಿಮಗೇನು ಬೇಕು?' ಎಂದು ಕೇಳಿ, ಉತ್ತರ ಬರುವವರೆಗೆ ಕಾಯಬಲ್ಲವರಿಗೆ ಮಾತ್ರ.